ಜಾರ್ಜ್ ವೇಯಾ

ಜಾರ್ಜ್ ವೇಯಾ: 1966- . ಪಶ್ಚಿಮ ಆಫ್ರಿಕದ ಲೈಬೀರಿಯ ದೇಶದ ಫುಟ್‌ಬಾಲ್ ಆಟಗಾರ, ರಾಜಕಾರಣಿ. ಪೂರ್ಣ ಹೆಸರು ಜಾರ್ಜ್ ತಾವ್ಲಾನ್ ಮನ್ನೆ ಒಪ್ಪಾಂಗ್ ಉಸ್ಮಾನ್ ವೇಯಾ. 1988ರಿಂದ 2001ರ ವರೆಗೆ ಫ್ರಾನ್ಸ್, ಇಟಲಿ ಮತ್ತು ಇಂಗ್ಲೆಂಡಿನ ಲೀಗ್‌ಗಳಲ್ಲಿ ಮೊನಾಕೊ, ಪ್ಯಾರಿಸ್ ಸೇಂಟ್ ಜರ್ಮೈನ್, ಎ.ಸಿ. ಮಿಲಾನ್, ಚೆಲ್ಸಿ, ಮ್ಯಾಂಚೆಸ್ಟರ್ ಸಿಟಿ, ಮಾರ್ಸೇ ಎಂಬ ಆರು ಕ್ಲಬ್‌ಗಳ ಪರವಾಗಿ ಆಡಿದ. 1995ರಲ್ಲಿ ಬ್ಯಾಲನ್ ಡಿ'ಓರ್ ಪ್ರಶಸ್ತಿಯನ್ನೂ ಫಿಫಾ ವರ್ಷದ ವಿಶ್ವ ಆಟಗಾರ ಪ್ರಶಸ್ತಿಯನ್ನೂ ಪಡೆದ. ಈ ಎರಡನ್ನೂ ಪಡೆದ ಆಫ್ರಿಕದ ದೇಶವೊಂದರ ಆಟಗಾರ ಇಂದಿಗೂ ಈತನೊಬ್ಬನೇ. 2018ರಿಂದ 2024ರ ವರೆಗೆ ಲೈಬೀರಿಯದ ಅಧ್ಯಕ್ಷನಾಗಿದ್ದ. ಆಫ್ರಿಕದ ಆಟಗಾರರು ಯುರೋಪಿನ ಕ್ಲಬ್‌ಗಳಿಗೆ ಹೋಗುವ ಪರಿಪಾಠ ವಿರಳ ಪ್ರಸಂಗದ ಮಟ್ಟದಿಂದ ದೊಡ್ಡ ಉದ್ಯಮದ ಮಟ್ಟಕ್ಕೆ ಬೆಳೆದ ಕಾಲದಲ್ಲೇ ವೇಯಾನ ವೃತ್ತಿಜೀವನವೂ ನಡೆಯಿತು. ಪ್ರತಿಭಾವಂತನೊಬ್ಬ ಆ ಮಾರ್ಗದಲ್ಲಿ ಎಷ್ಟು ಎತ್ತರಕ್ಕೆ ಏರಬಹುದು, ಆ ಏರಿಕೆಯಿಂದ ಅವನ ದೇಶದ ಆಟಕ್ಕೆ ಎಷ್ಟು ಕಡಿಮೆ ದಕ್ಕಬಹುದು ಎಂಬ ಎರಡಕ್ಕೂ ಇವನ ಜೀವನ ಉದಾಹರಣೆ.

ಹಿನ್ನೆಲೆ

ಆಫ್ರಿಕದ ಆಟಗಾರರು ಯುರೋಪಿಗೆ ಹೋಗುವುದು ವೇಯಾನಿಂದ ಶುರುವಾದದ್ದಲ್ಲ. ಮೊರಾಕೊದ ಲಾರ್ಬಿ ಬೆನ್ ಬಾರೆಕ್ 1938ರಲ್ಲೇ ಫ್ರಾನ್ಸಿನ ಮಾರ್ಸೇ ಕ್ಲಬ್ ಸೇರಿದ್ದ. ಪೋರ್ಚುಗಲ್ಲಿನ ಆಳ್ವಿಕೆಯಲ್ಲಿದ್ದ ಮೊಜಾಂಬಿಕ್‌ನಲ್ಲಿ ಹುಟ್ಟಿದ ಯುಸೇಬಿಯೊ ಲಿಸ್ಬನ್ನಿನ ಬೆನ್ಫಿಕಾ ಕ್ಲಬ್ ಸೇರಿ, ಪೋರ್ಚುಗಲ್ ಆಟಗಾರನೆಂಬ ಲೆಕ್ಕದಲ್ಲಿ 1965ರ ಬ್ಯಾಲನ್ ಡಿ'ಓರ್ ಗೆದ್ದ. ಮಾಲಿಯ ಸಲೀಫ್ ಕೀಟಾ 1967ರಲ್ಲಿ ಫ್ರಾನ್ಸಿನ ಸೇಂಟ್ ಎಟಿಯೆನ್‌ಗೆ ಹೋದ. ಆಫ್ರಿಕದ ಅತ್ಯುತ್ತಮ ಆಟಗಾರನಿಗೆ ಫ್ರಾನ್ಸ್ ಫುಟ್‌ಬಾಲ್ ಪತ್ರಿಕೆ 1970ರಲ್ಲಿ ಪ್ರಶಸ್ತಿ ಕೊಡಲು ತೊಡಗಿದಾಗ ಅದು ಮೊದಲು ಸಂದದ್ದು ಕೀಟಾನಿಗೆ.

ಈ ಮೂವರೂ ವಸಾಹತು ಆಳ್ವಿಕೆ ಬಿಟ್ಟುಹೋದ ದಾರಿಯಲ್ಲೇ ನಡೆದವರು. ಫ್ರೆಂಚರ ಆಳ್ವಿಕೆ ಕಂಡ ನಾಡಿನ ಹುಡುಗ ಫ್ರಾನ್ಸಿಗೂ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದವನು ಲಿಸ್ಬನ್ನಿಗೂ ಹೋಗುತ್ತಿದ್ದ. ಭಾಷೆ, ಹಡಗು ಮತ್ತು ವಿಮಾನದ ಮಾರ್ಗ, ಕಾಗದಪತ್ರ, ಪರಿಚಯಸ್ಥರು ಎಲ್ಲವೂ ಅದೇ ದಿಕ್ಕಿನಲ್ಲಿದ್ದವು. ಲೈಬೀರಿಯಕ್ಕೆ ಅಂಥ ದಾರಿ ಇರಲಿಲ್ಲ. ಅಮೆರಿಕದಿಂದ ಬಂದ ಕಪ್ಪು ಜನಾಂಗದ ವಲಸಿಗರು ಸ್ಥಾಪಿಸಿ 1847ರಲ್ಲಿ ಸ್ವತಂತ್ರ ಗಣರಾಜ್ಯವೆಂದು ಘೋಷಿಸಿದ ದೇಶ ಅದು. ಅಲ್ಲಿಯ ಆಡಳಿತ ಭಾಷೆ ಇಂಗ್ಲಿಷ್; ಸಂಬಂಧವೆಲ್ಲ ಅಮೆರಿಕದ ಜೊತೆ. ಆ ಅಮೆರಿಕದಲ್ಲೋ ಫುಟ್‌ಬಾಲಿಗೆ ಆಗ ಹೇಳಿಕೊಳ್ಳುವಂಥ ನೆಲೆ ಇರಲಿಲ್ಲ. ಹೀಗಾಗಿ ಮೊನ್ರೋವಿಯದ ಆಟಗಾರನೊಬ್ಬ ಯುರೋಪಿನ ಕಣ್ಣಿಗೆ ಬೀಳಬೇಕಾದರೆ ಮೊದಲು ಆಫ್ರಿಕದಲ್ಲೇ ಬೇರೊಂದು ದೇಶಕ್ಕೆ ಹೋಗಬೇಕಿತ್ತು. ವೇಯಾ ಮಾಡಿದ್ದು ಅದನ್ನೇ.

ಬಾಲ್ಯ ಮತ್ತು ಮೊನ್ರೋವಿಯದ ಕ್ಲಬ್‌ಗಳು

ವೇಯಾ ಹುಟ್ಟಿದ್ದು 1966ರ ಅಕ್ಟೋಬರ್ 1ರಂದು, ರಾಜಧಾನಿ ಮೊನ್ರೋವಿಯದ ಕ್ಲಾರಾ ಟೌನ್‌ನಲ್ಲಿ. ನಗರದ ಬಂದರು ಇರುವ ಬುಶ್‌ರಾಡ್ ದ್ವೀಪದ ಬಡವರ ಬಡಾವಣೆ ಇದು. ಇವನ ಮನೆತನ ದೇಶದ ಆಗ್ನೇಯ ಕರಾವಳಿಯ ಕ್ರೂ ಸಮುದಾಯಕ್ಕೆ ಸೇರಿದ್ದು. ಸಮುದ್ರಯಾನಕ್ಕೆ, ಹಡಗಿನ ಕೆಲಸಕ್ಕೆ ಹೆಸರಾದ ಜನ ಅವರು. ತಂದೆತಾಯಿ ಬೇರೆಯಾದ ಮೇಲೆ ಹುಡುಗನನ್ನು ಸಾಕಿ ಬೆಳೆಸಿದವಳು ಅಜ್ಜಿ ಎಮ್ಮಾ ಬ್ರೌನ್. ಶಾಲೆಯಲ್ಲಿದ್ದಾಗಲೇ ವೇಯಾ ಕ್ಲಾರಾ ಟೌನ್‌ನ ಯಂಗ್ ಸರ್ವೈವರ್ಸ್ ಎಂಬ ಸ್ಥಳೀಯ ತಂಡದಲ್ಲಿ ಆಡಲು ತೊಡಗಿದ.

1980ರ ದಶಕದ ಮೊನ್ರೋವಿಯದಲ್ಲಿ ಫುಟ್‌ಬಾಲ್ ಎಂದರೆ ಮೈಟಿ ಬರೋಲ್ ಮತ್ತು ಇನ್ವಿನ್ಸಿಬಲ್ ಇಲೆವೆನ್ ಎಂಬ ಎರಡು ಕ್ಲಬ್‌ಗಳ ಪೈಪೋಟಿ. ಊರು ಈ ಎರಡು ಪಕ್ಷವಾಗಿ ಹಂಚಿಹೋಗಿತ್ತು. ವೇಯಾ ಎರಡರಲ್ಲೂ ಆಡಿದ. ಇನ್ವಿನ್ಸಿಬಲ್ ಇಲೆವೆನ್ 1987ರಲ್ಲಿ ಲೀಗ್ ಗೆದ್ದಾಗ ಗೋಲುಗಳ ದೊಡ್ಡ ಪಾಲು ಈತನದಾಗಿತ್ತು. ಆದರೆ ಅಲ್ಲಿ ಆಟವನ್ನೇ ನಂಬಿ ಬದುಕುವಂತಿರಲಿಲ್ಲ. ವೇಯಾ ಸರ್ಕಾರಿ ದೂರಸಂಪರ್ಕ ನಿಗಮದಲ್ಲಿ ದೂರವಾಣಿ ಸ್ವಿಚ್‌ಬೋರ್ಡಿನ ತಂತ್ರಜ್ಞನಾಗಿ ಕೆಲಸ ಮಾಡುತ್ತಿದ್ದ.

ನೆರೆಯ ಐವರಿ ಕೋಸ್ಟ್‌ನಲ್ಲಿ ಕೆಲಕಾಲ ಆಡಿದ ಮೇಲೆ ಕ್ಯಾಮರೂನಿನ ರಾಜಧಾನಿ ಯಾವುಂಡೆಯ ಟೊನೇರ್ ಕ್ಲಬ್ ಸೇರಿದ. ಇದು ಸಾಧಾರಣ ಕ್ಲಬ್ ಅಲ್ಲ. ಮುಂದೆ ವಿಶ್ವಕಪ್‌ನಲ್ಲಿ ಜಗತ್ತಿನ ಮನಗೆದ್ದ ರಾಜರ್ ಮಿಲ್ಲಾ ಫ್ರಾನ್ಸಿಗೆ ಹೋಗುವ ಮೊದಲು ಆಡಿದ್ದೂ ಇಲ್ಲೇ. ಕ್ಯಾಮರೂನ್ ಆಗ ಖಂಡದ ಬಲಿಷ್ಠ ಫುಟ್‌ಬಾಲ್ ದೇಶಗಳಲ್ಲೊಂದು. ಅದರ ರಾಷ್ಟ್ರೀಯ ತಂಡದ ತರಬೇತುದಾರ ಫ್ರಾನ್ಸಿನ ಕ್ಲೋಡ್ ಲೆ ರೋಯ್. ಯಾವುಂಡೆಯ ಮೈದಾನದಲ್ಲಿ ವೇಯಾನನ್ನು ನೋಡಿದ ಲೆ ರೋಯ್, ತನ್ನ ಗೆಳೆಯನೂ ಮೊನಾಕೊ ಕ್ಲಬ್‌ನ ತರಬೇತುದಾರನೂ ಆಗಿದ್ದ ಆರ್ಸೆನ್ ವೆಂಗರ್‌ಗೆ ಈ ಹುಡುಗನ ವಿಷಯ ಹೇಳಿದ. ಇಂದಿನಂತೆ ವಿಡಿಯೊ ದಾಖಲೆ, ಅಂಕಿ-ಅಂಶ, ಏಜೆಂಟರ ಜಾಲ ಯಾವುದೂ ಇಲ್ಲದ ಆ ದಿನಗಳಲ್ಲಿ ನಂಬಿಕೆಯ ಒಬ್ಬ ತರಬೇತುದಾರ ಇನ್ನೊಬ್ಬನಿಗೆ ಹೇಳಿದ ಮಾತೇ ಶಿಫಾರಸು. ಮೊನಾಕೊ ಕೊಟ್ಟ ವರ್ಗಾವಣೆ ಶುಲ್ಕ ಸುಮಾರು 12,000 ಪೌಂಡ್ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಯುರೋಪಿನ ಕ್ಲಬ್ ಲೆಕ್ಕದಲ್ಲಿ ಅದು ಚಿಲ್ಲರೆ ಹಣ.

ಮೊನಾಕೊ (1988-92)

ವೇಯಾ ಬಂದಾಗ ಮೊನಾಕೊ ಫ್ರೆಂಚ್ ಲೀಗ್‌ನ ಆಗಿನ ಚಾಂಪಿಯನ್. ಇಂಗ್ಲೆಂಡಿನ ಗ್ಲೆನ್ ಹಾಡಲ್, ಮಾರ್ಕ್ ಹೇಟ್ಲಿ ಮುಂತಾದ ಹೆಸರಾಂತರು ತಂಡದಲ್ಲಿದ್ದರು. ವಿದೇಶಿ ಆಟಗಾರರ ಸಂಖ್ಯೆಗೆ ಮಿತಿ ಇದ್ದ ಕಾಲವಾದ್ದರಿಂದ ಆಫ್ರಿಕದಿಂದ ಬಂದವನು ಊರಿನ ಆಟಗಾರರ ಜೊತೆಗಷ್ಟೇ ಅಲ್ಲ, ಇಂಥ ಪ್ರಸಿದ್ಧ ವಿದೇಶಿಯರ ಜೊತೆಗೂ ಸ್ಥಾನಕ್ಕಾಗಿ ಸೆಣಸಬೇಕಿತ್ತು. ಭಾಷೆ ಹೊಸದು, ತರಬೇತಿಯ ಕ್ರಮ ಹೊಸದು. ವೇಯಾನಲ್ಲಿ ವೇಗ, ಬಲ, ಚೆಂಡಿನ ಮೇಲೆ ಹಿಡಿತ ಮೊದಲೇ ಇದ್ದವು. ಯಾವಾಗ ಓಡಬೇಕು, ಎಲ್ಲಿ ನಿಲ್ಲಬೇಕು, ಗೋಲಿನ ಮುಂದೆ ಹೇಗೆ ಆತುರಪಡದೆ ಇರಬೇಕು ಎಂಬುದನ್ನು ಕಲಿತದ್ದು ವೆಂಗರ್‌ನ ಕೈಕೆಳಗೆ. ವೆಂಗರ್‌ನನ್ನು ತಂದೆಯ ಸ್ಥಾನದಲ್ಲಿಟ್ಟು ವೇಯಾ ಮುಂದೆ ಅನೇಕ ಬಾರಿ ನೆನೆದಿದ್ದಾನೆ.

ಫಲ ಬೇಗನೆ ಕಂಡಿತು. 1989ರಲ್ಲೇ ಫ್ರಾನ್ಸ್ ಫುಟ್‌ಬಾಲ್ ಪತ್ರಿಕೆಯ ಆಫ್ರಿಕ ಪ್ರಶಸ್ತಿ ಈತನಿಗೆ ಬಂತು. 1991ರಲ್ಲಿ ಮೊನಾಕೊ, ಮಾರ್ಸೇಯನ್ನು 1-0ರಿಂದ ಸೋಲಿಸಿ ಫ್ರೆಂಚ್ ಕಪ್ ಗೆದ್ದಿತು. ಮರುವರ್ಷ ತಂಡ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್ ತಲುಪಿತು. 1992ರ ಮೇ 6ರಂದು ಲಿಸ್ಬನ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಜರ್ಮನಿಯ ವೆರ್ಡರ್ ಬ್ರೆಮೆನ್ ಎದುರು 0-2ರಿಂದ ಸೋತಿತು. ಅದರ ಹಿಂದಿನ ಸಂಜೆಯಷ್ಟೇ ಕಾರ್ಸಿಕಾದ ಬಾಸ್ತಿಯಾದಲ್ಲಿ ಫ್ರೆಂಚ್ ಕಪ್ ಸೆಮಿಫೈನಲ್‌ಗೆ ಮುಂಚೆ ತಾತ್ಕಾಲಿಕ ಪ್ರೇಕ್ಷಕರ ಅಟ್ಟಣಿಗೆ ಕುಸಿದು ದೊಡ್ಡ ದುರಂತವಾಗಿತ್ತು. ಮೊನಾಕೊ ಆಡಬೇಕಾಗಿದ್ದ ಆ ವರ್ಷದ ಕಪ್ ಫೈನಲ್ ನಡೆಯಲೇ ಇಲ್ಲ. ಮೊನಾಕೊ ಪರ ವೇಯಾ ಆಡಿದ ಲೀಗ್ ಪಂದ್ಯಗಳು 103, ಗೋಲುಗಳು 47.

ಇವನ ಬೆನ್ನಿಗೇ ಲೈಬೀರಿಯದ ಬೇರೆ ಆಟಗಾರರಿಗೂ ಮೊನಾಕೊದ ಬಾಗಿಲು ತೆರೆಯಿತು. ವೇಯಾನ ಬಂಧುಗಳಾದ ಜೇಮ್ಸ್ ಡೆಬ್ಬಾ ಮತ್ತು ಕ್ರಿಸ್ಟೋಫರ್ ರೇ ಅಲ್ಲಿಗೆ ಬಂದರು. ರೇ ಮುಂದೆ ವೆಂಗರ್‌ನನ್ನೇ ಹಿಂಬಾಲಿಸಿ ಆರ್ಸೆನಲ್ ಸೇರಿ, 1998ರಲ್ಲಿ ಲೀಗ್ ಮತ್ತು ಎಫ್.ಎ. ಕಪ್ ಎರಡನ್ನೂ ಗೆದ್ದ ತಂಡದಲ್ಲಿದ್ದ. ವಸಾಹತು ಇತಿಹಾಸ ಕೊಡದ ದಾರಿಯನ್ನು ಒಬ್ಬ ಆಟಗಾರ ಮತ್ತು ಒಬ್ಬ ತರಬೇತುದಾರ ಸೇರಿ ಹಾಕಿಕೊಟ್ಟಂತಾಯಿತು.

ಪ್ಯಾರಿಸ್ (1992-95)

1992ರಲ್ಲಿ ವೇಯಾ ಪ್ಯಾರಿಸ್ ಸೇಂಟ್ ಜರ್ಮೈನ್ ಸೇರಿದ. ಕನಾಲ್ ಪ್ಲಸ್ ದೂರದರ್ಶನ ಸಂಸ್ಥೆ ಹಿಂದಿನ ವರ್ಷವಷ್ಟೇ ಈ ಕ್ಲಬ್ಬನ್ನು ಕೈಗೆತ್ತಿಕೊಂಡು ಹಣ ಸುರಿಯಲಾರಂಭಿಸಿತ್ತು. ಡೇವಿಡ್ ಜಿನೋಲಾ, ಬ್ರೆಜಿಲ್‌ನ ವಾಲ್ಡೊ, ಅನಂತರ ರಾಯಿ ಸಹ ಆಟಗಾರರು. 1993ರ ಮಾರ್ಚ್‌ನಲ್ಲಿ ಯುಎಫಾ ಕಪ್ ಕ್ವಾರ್ಟರ್‌ಫೈನಲ್‌ನ ಮೊದಲ ಪಂದ್ಯದಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 1-3ರಿಂದ ಸೋತಿದ್ದ ಪ್ಯಾರಿಸ್, ತವರಿನಲ್ಲಿ 4-1ರಿಂದ ಗೆದ್ದು ಮುಂದಿನ ಹಂತಕ್ಕೆ ಹೋಯಿತು. ಆ ನಾಲ್ಕರಲ್ಲಿ ಮೊದಲನೆಯದು ವೇಯಾನ ಗೋಲು. ಅದೇ ವರ್ಷ ಫ್ರೆಂಚ್ ಕಪ್, 1994ರಲ್ಲಿ ಲೀಗ್, 1995ರಲ್ಲಿ ಫ್ರೆಂಚ್ ಕಪ್ ಮತ್ತು ಲೀಗ್ ಕಪ್ ತಂಡಕ್ಕೆ ದಕ್ಕಿದವು.

ವೇಯಾನ ಹೆಸರು ಯುರೋಪಿನಾದ್ಯಂತ ಹರಡಿದ್ದು 1994-95ರ ಚಾಂಪಿಯನ್ಸ್ ಲೀಗ್‌ನಲ್ಲಿ. ಬೇಯರ್ನ್ ಮ್ಯೂನಿಕ್, ಸ್ಪಾರ್ಟಕ್ ಮಾಸ್ಕೊ, ಡೈನಮೊ ಕೀವ್ ಇದ್ದ ಗುಂಪಿನಲ್ಲಿ ಪ್ಯಾರಿಸ್ ಆರಕ್ಕೆ ಆರೂ ಪಂದ್ಯ ಗೆದ್ದಿತು. ಮ್ಯೂನಿಕ್‌ನಲ್ಲಿ ರಕ್ಷಣಾ ಆಟಗಾರರ ಗುಂಪಿನ ನಡುವೆ ನುಗ್ಗಿ ಹೊಡೆದ ಗೋಲಿನಿಂದ ವೇಯಾ ಪಂದ್ಯವನ್ನು 1-0ರಿಂದ ಗೆಲ್ಲಿಸಿಕೊಟ್ಟ. ಕ್ವಾರ್ಟರ್‌ಫೈನಲ್‌ನಲ್ಲಿ ಯೋಹಾನ್ ಕ್ರೈಫ್ ತರಬೇತಿಯ ಬಾರ್ಸಿಲೋನಾ ಎದುರಾಯಿತು. ಅದರ ನೆಲದಲ್ಲಿ ವೇಯಾನ ತಲೆಹೊಡೆತದಿಂದ ಪಂದ್ಯ 1-1ಕ್ಕೆ ಸಮವಾಯಿತು. ತವರಿನಲ್ಲಿ ಪ್ಯಾರಿಸ್ 2-1ರಿಂದ ಗೆದ್ದಿತು. ಸೆಮಿಫೈನಲ್‌ನಲ್ಲಿ ಮಿಲಾನ್ ಅದನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿತು. ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವನು ವೇಯಾ. ಸೋಲಿಸಿದ ಮಿಲಾನ್ ಆ ಬೇಸಿಗೆಯಲ್ಲೇ ಇವನನ್ನು ತನ್ನವನನ್ನಾಗಿ ಮಾಡಿಕೊಂಡಿತು.

ಮಿಲಾನ್ (1995-2000)

1990ರ ದಶಕದಲ್ಲಿ ಇಟಲಿಯ ಸೀರಿ ಎ ಜಗತ್ತಿನ ಅತಿ ಶ್ರೀಮಂತ, ಅತಿ ಕಠಿಣ ಲೀಗ್. ಮಿಲಾನ್ ಅದರ ಅಗ್ರ ತಂಡ. ಕಾಲಿನ ಗಾಯದಿಂದ ಎರಡು ವರ್ಷ ಆಡಲಾಗದ ಡಚ್ ಆಟಗಾರ ಮಾರ್ಕೊ ವಾನ್ ಬಾಸ್ಟನ್ 1995ರ ಆಗಸ್ಟ್‌ನಲ್ಲಿ ನಿವೃತ್ತನಾದ. ಅವನ ಹೆಸರಿನ ಜೊತೆ ಬೆಸೆದುಕೊಂಡಿದ್ದ 9ನೇ ಸಂಖ್ಯೆಯ ಅಂಗಿ ವೇಯಾನಿಗೆ ಬಂತು. ಹೋಲಿಕೆ ತಪ್ಪುವಂತಿರಲಿಲ್ಲ. ಇಟಲಿಯಲ್ಲಿ ಏಕಕಾಲಕ್ಕೆ ಮೂವರು ವಿದೇಶಿಯರನ್ನಷ್ಟೇ ಕಣಕ್ಕಿಳಿಸಬಹುದಿತ್ತು. ಮಿಲಾನ್‌ನಲ್ಲೋ ಡೆಸೈ, ಬೋಬಾನ್, ಸವಿಚೆವಿಚ್ ಮೊದಲೇ ಇದ್ದರು. ಈ ಪೈಪೋಟಿಯ ನಡುವೆ ವೇಯಾ ಪಾಡುವಾದಲ್ಲಿ ಆಡಿದ ತನ್ನ ಮೊದಲ ಲೀಗ್ ಪಂದ್ಯದಲ್ಲೇ ಗೋಲು ಹೊಡೆದು ಜಾಗ ಭದ್ರಪಡಿಸಿಕೊಂಡ. ಫಾಬಿಯೊ ಕಪೆಲ್ಲೊ ತರಬೇತಿಯಲ್ಲಿ ಮಿಲಾನ್ ಆ ವರ್ಷ ಲೀಗ್ ಗೆದ್ದಿತು.

1995ರ ಪ್ರಶಸ್ತಿಗಳು: 1956ರಲ್ಲಿ ಶುರುವಾದ ಬ್ಯಾಲನ್ ಡಿ'ಓರ್ ಅಲ್ಲಿಯವರೆಗೆ ಯುರೋಪಿನ ಪೌರರಿಗೆ ಮಾತ್ರ ಮೀಸಲಾಗಿತ್ತು. ಆದ್ದರಿಂದಲೇ ಪೆಲೆ, ಮರಡೋನಾ ತಮ್ಮ ಕಾಲದಲ್ಲಿ ಅದನ್ನು ಪಡೆಯಲಿಲ್ಲ. 1995ರಲ್ಲಿ ನಿಯಮ ಬದಲಾಗಿ, ಯುರೋಪಿನ ಕ್ಲಬ್‌ನಲ್ಲಿ ಆಡುವ ಯಾವ ದೇಶದವನಾದರೂ ಅರ್ಹನಾದ. ಬದಲಾದ ಮೊದಲ ವರ್ಷವೇ ವೇಯಾ 144 ಅಂಕ ಪಡೆದು ಗೆದ್ದ. ಜರ್ಮನಿಯ ಕ್ಲಿನ್ಸ್‌ಮನ್ 108 ಅಂಕದೊಡನೆ ಎರಡನೆಯವನು; ಫಿನ್ಲೆಂಡಿನ ಲಿಟ್ಮನೆನ್ ಮೂರನೆಯವನು. ಫಿಫಾ ಪ್ರಶಸ್ತಿಯೂ ಆಫ್ರಿಕ ಫುಟ್‌ಬಾಲ್ ಒಕ್ಕೂಟದ ವರ್ಷದ ಆಟಗಾರ ಪ್ರಶಸ್ತಿಯೂ ಅದೇ ವರ್ಷ ಸೇರಿಕೊಂಡವು. ಅದೇ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಬಾಸ್ಮನ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಐರೋಪ್ಯ ಒಕ್ಕೂಟದ ಆಟಗಾರರ ಮೇಲಿನ ಮಿತಿ ರದ್ದಾಯಿತು. ಯುರೋಪಿನ ಆಟಗಾರರು 'ವಿದೇಶಿ' ಲೆಕ್ಕದಿಂದ ಹೊರಬಿದ್ದುದರಿಂದ ಆ ಸ್ಥಾನಗಳು ಆಫ್ರಿಕ, ದಕ್ಷಿಣ ಅಮೆರಿಕದವರಿಗೆ ತೆರವಾದವು. ಪ್ರಶಸ್ತಿಯ ನಿಯಮವೂ ಮಾರುಕಟ್ಟೆಯ ನಿಯಮವೂ ಒಂದೇ ವರ್ಷದಲ್ಲಿ ಬದಲಾದದ್ದು ಕಾಕತಾಳೀಯವಾದರೂ, ಯುರೋಪಿನ ಫುಟ್‌ಬಾಲ್ ಯುರೋಪಿನವರದಷ್ಟೇ ಅಲ್ಲ ಎಂಬುದು ಎರಡರಿಂದಲೂ ಸ್ಪಷ್ಟವಾಯಿತು.

ವೆರೋನಾ ವಿರುದ್ಧದ ಗೋಲು: 1996ರ ಸೆಪ್ಟೆಂಬರ್ 8, ಹೊಸ ಲೀಗ್‌ನ ಮೊದಲ ದಿನ, ಮಿಲಾನ್‌ನ ಸಾನ್ ಸಿರೊ ಮೈದಾನ. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ವೆರೋನಾಕ್ಕೆ ಕಾರ್ನರ್ ಕಿಕ್ ಸಿಕ್ಕಿತು. ಎಲ್ಲರ ತಲೆಯ ಮೇಲಿಂದ ದಾಟಿಬಂದ ಚೆಂಡನ್ನು ವೇಯಾ ತನ್ನದೇ ತಂಡದ ಪೆನಾಲ್ಟಿ ಆವರಣದಲ್ಲಿ ಹಿಡಿತಕ್ಕೆ ತೆಗೆದುಕೊಂಡ. ಎದುರಾಳಿಗಳು ಬಹುಪಾಲು ಮಿಲಾನ್ ಗೋಲಿನ ಬಳಿಯೇ ಇದ್ದರು. ಪಾಸ್ ಕೊಡುವ ಬದಲು ವೇಯಾ ಓಡತೊಡಗಿದ. ಮೈದಾನದ ನಡುಗೆರೆಯ ಹತ್ತಿರ ವೆರೋನಾದವರು ಸುತ್ತುಗಟ್ಟಿದರು. ಚೆಂಡನ್ನು ಮುಂದಕ್ಕೆ ತಳ್ಳಿ, ಮೈಯನ್ನು ಒಂದು ಸುತ್ತು ತಿರುಗಿಸಿ ಅವರ ನಡುವಿನಿಂದಲೇ ಹೊರಬಂದ. ಮುಂದೆ ಅಡ್ಡಬಂದವನನ್ನೂ ದಾಟಿ, ಬಲಗಾಲಿನಿಂದ ಚೆಂಡನ್ನು ನೆಲಮಟ್ಟದಲ್ಲಿ ಕರ್ಣರೇಖೆಯಾಗಿ ಗೋಲಿನ ಮೂಲೆಗೆ ಹೊಡೆದ. ಹತ್ತಿರ ಹತ್ತಿರ ಇಡೀ ಮೈದಾನದ ಉದ್ದ. ಆರಂಭದಿಂದ ಕೊನೆಯವರೆಗೆ ಬೇರೊಬ್ಬ ಸಹ ಆಟಗಾರನ ಕಾಲು ಚೆಂಡಿಗೆ ತಾಗಲಿಲ್ಲ. ಮಿಲಾನ್ ಪಂದ್ಯವನ್ನು 4-1ರಿಂದ ಗೆದ್ದಿತು. ಸೀರಿ ಎ ಇತಿಹಾಸದ ಶ್ರೇಷ್ಠ ಗೋಲುಗಳ ಪಟ್ಟಿ ಮಾಡುವವರು ಇದನ್ನು ಬಿಡುವುದಿಲ್ಲ.

ಪೋರ್ಟೊ ಪ್ರಕರಣ: ಅದೇ ವರ್ಷ ನವೆಂಬರ್ 20ರಂದು ಪೋರ್ಚುಗಲ್‌ನಲ್ಲಿ ಪೋರ್ಟೊ ಎದುರಿನ ಚಾಂಪಿಯನ್ಸ್ ಲೀಗ್ ಪಂದ್ಯ ಮುಗಿದ ಮೇಲೆ, ಮೈದಾನದಿಂದ ಒಳಹೋಗುವ ಹಾದಿಯಲ್ಲಿ ವೇಯಾ ಎದುರಾಳಿ ರಕ್ಷಣಾ ಆಟಗಾರ ಜಾರ್ಜ್ ಕೋಸ್ಟಾನಿಗೆ ತಲೆಯಿಂದ ಗುದ್ದಿದ. ಕೋಸ್ಟಾನ ಮೂಗು ಮುರಿಯಿತು. ಆತ ತನ್ನ ಬಣ್ಣವನ್ನು ಹೀಗಳೆದು ನಿಂದಿಸಿದ್ದಾನೆ ಎಂಬುದು ವೇಯಾನ ದೂರು. ಕೋಸ್ಟಾ ಅದನ್ನು ಅಲ್ಲಗಳೆದ. ನಿಂದನೆಗೆ ಸಾಕ್ಷಿ ಸಿಗಲಿಲ್ಲ. ವೇಯಾನಿಗೆ ಆರು ಪಂದ್ಯಗಳ ನಿಷೇಧ ಬಿತ್ತು. ವಿಚಿತ್ರವೆಂದರೆ 1996ರ ಫಿಫಾ ಸಭ್ಯ ಆಟದ ಪ್ರಶಸ್ತಿ ಪಡೆದವನೂ ವೇಯಾನೇ. ಕಪ್ಪು ಆಟಗಾರರ ಮೇಲಿನ ನಿಂದನೆಯನ್ನು ಆಟದ ಬಿಸಿಯಲ್ಲಿ ಆಡಿದ ಮಾತೆಂದು ತಳ್ಳಿಹಾಕುವುದೇ ರೂಢಿಯಾಗಿದ್ದ ಕಾಲ ಅದು. ಅದನ್ನು ವಿಚಾರಿಸಿ ಶಿಕ್ಷಿಸುವ ಸ್ಪಷ್ಟ ವ್ಯವಸ್ಥೆ ಯುರೋಪಿನ ಫುಟ್‌ಬಾಲಿನಲ್ಲಿ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಆ ಋತುವಿನಲ್ಲೂ ಮರುಋತುವಿನಲ್ಲೂ ಮಿಲಾನ್ ಸೊರಗಿತು. 1998-99ರಲ್ಲಿ ಆಲ್ಬೆರ್ಟೊ ಝಕ್ಕೆರೋನಿ ತರಬೇತಿಯಲ್ಲಿ ಮತ್ತೆ ಚಾಂಪಿಯನ್ ಆಯಿತು. ಲೀಗ್‌ನ ಕೊನೆಯ ವಾರಗಳಲ್ಲಿ ಟೂರಿನ್‌ನಲ್ಲಿ ಯುವೆಂಟಸ್ ಎದುರು ವೇಯಾ ಹೊಡೆದ ಎರಡು ಗೋಲುಗಳು ಆ ಗೆಲುವಿನಲ್ಲಿ ನಿರ್ಣಾಯಕ. ಆಂಡ್ರಿ ಶೆವ್ಚೆಂಕೊ 1999ರಲ್ಲಿ ಬಂದ ಮೇಲೆ ಮಿಲಾನ್‌ನಲ್ಲಿ ಇವನಿಗೆ ಅವಕಾಶ ಕಡಿಮೆಯಾಯಿತು.

ಕೊನೆಯ ವರ್ಷಗಳು

2000ದ ಜನವರಿಯಲ್ಲಿ ವೇಯಾ ಎರವಲು ಆಟಗಾರನಾಗಿ ಲಂಡನ್ನಿನ ಚೆಲ್ಸಿಗೆ ಹೋದ. ಬಂದ ಮರುದಿನವೇ ಟಾಟನ್‌ಹ್ಯಾಮ್ ಎದುರು ಬದಲಿ ಆಟಗಾರನಾಗಿ ಇಳಿದು ಪಂದ್ಯದ ಏಕೈಕ ಗೋಲು ಹೊಡೆದ. ಮೇ ತಿಂಗಳಲ್ಲಿ ಹಳೆಯ ವೆಂಬ್ಲಿ ಮೈದಾನದಲ್ಲಿ ನಡೆದ ಕೊನೆಯ ಎಫ್.ಎ. ಕಪ್ ಫೈನಲ್‌ನಲ್ಲಿ ಚೆಲ್ಸಿ ಆಸ್ಟನ್ ವಿಲ್ಲಾವನ್ನು ಸೋಲಿಸಿದಾಗ ತಂಡದಲ್ಲಿದ್ದ. ಅನಂತರ ಮ್ಯಾಂಚೆಸ್ಟರ್ ಸಿಟಿಯಲ್ಲಿ ಕೆಲವೇ ವಾರ ಇದ್ದು, ಸಾಕಷ್ಟು ಆಡಿಸುತ್ತಿಲ್ಲವೆಂದು ಅಸಮಾಧಾನಗೊಂಡು ಹೊರಬಂದ. 2000-01ರ ಉಳಿದ ಭಾಗವನ್ನು ಮಾರ್ಸೇಯಲ್ಲಿ ಕಳೆದು, ಅಬುಧಾಬಿಯ ಅಲ್ ಜಜೀರಾ ಕ್ಲಬ್‌ನಲ್ಲಿ 2003ರಲ್ಲಿ ಕ್ಲಬ್ ಜೀವನ ಮುಗಿಸಿದ.

ಯುರೋಪಿನ ಲೀಗ್ ಪಂದ್ಯಗಳ ಲೆಕ್ಕ ಹೀಗಿದೆ:
ಮೊನಾಕೊ: 103 ಪಂದ್ಯ, 47 ಗೋಲು
ಪ್ಯಾರಿಸ್ ಸೇಂಟ್ ಜರ್ಮೈನ್: 96 ಪಂದ್ಯ, 32 ಗೋಲು
ಎ.ಸಿ. ಮಿಲಾನ್: 114 ಪಂದ್ಯ, 46 ಗೋಲು
ಚೆಲ್ಸಿ: 11 ಪಂದ್ಯ, 3 ಗೋಲು
ಮ್ಯಾಂಚೆಸ್ಟರ್ ಸಿಟಿ: 7 ಪಂದ್ಯ, 1 ಗೋಲು
ಮಾರ್ಸೇ: 19 ಪಂದ್ಯ, 5 ಗೋಲು
ಒಟ್ಟು: 350 ಪಂದ್ಯ, 134 ಗೋಲು

ಆಟದ ಶೈಲಿ

ಗೋಲಿನ ಎಣಿಕೆಯೊಂದರಿಂದ ವೇಯಾನನ್ನು ಅಳೆಯುವಂತಿಲ್ಲ. ಇವನಿಗಿಂತ ಹೆಚ್ಚು ಗೋಲು ಹೊಡೆದವರು ಆ ಕಾಲದಲ್ಲೇ ಹಲವರಿದ್ದರು. ಆಗಿನ ಮುಂಚೂಣಿ ಆಟಗಾರರಲ್ಲಿ ಎರಡು ಬಗೆ: ಪೆನಾಲ್ಟಿ ಆವರಣದಲ್ಲೇ ನಿಂತು ಬಂದ ಚೆಂಡನ್ನು ಗೋಲಿಗಟ್ಟುವ ಗಟ್ಟಿಮೈಯವರು, ಹಿಂದಕ್ಕೆ ಸರಿದು ಚೆಂಡು ಪಡೆದು ಆಟ ಕಟ್ಟುವ ಚುರುಕುಗಾಲಿನವರು. ವೇಯಾನಲ್ಲಿ ಎರಡೂ ಕೂಡಿದ್ದವು. ರಕ್ಷಣಾ ಆಟಗಾರ ಬೆನ್ನಿಗಂಟಿ ನಿಂತಿದ್ದರೂ ಚೆಂಡನ್ನು ಕಾಯ್ದುಕೊಳ್ಳುವ ಮೈಕಟ್ಟು, ತಲೆಹೊಡೆತದ ಬಲ, ದೂರದಿಂದಲೇ ಗುರಿಯಿಡುವ ಹೊಡೆತ, ಜೊತೆಗೆ ಓಡುತ್ತಲೇ ಚೆಂಡನ್ನು ಕಾಲಿನಿಂದ ಅಗಲಗೊಡದ ಡ್ರಿಬ್ಲಿಂಗ್ ಇವನ ಆಸ್ತಿ. ನಡುಮೈದಾನದಿಂದ ಒಬ್ಬನೇ ಚೆಂಡು ತೆಗೆದುಕೊಂಡು ಹೋಗಿ ಮುಗಿಸಬಲ್ಲ ಮುಂಚೂಣಿ ಆಟಗಾರನ ಮಾದರಿ ಬ್ರೆಜಿಲ್‌ನ ರೊನಾಲ್ಡೊ, ಫ್ರಾನ್ಸಿನ ಥಿಯರಿ ಆನ್ರಿಯಂಥವರಲ್ಲಿ ಪೂರ್ಣವಾಗಿ ಅರಳುವ ಮೊದಲೇ ಅದರ ರೂಪ ವೇಯಾನಲ್ಲಿ ಕಂಡಿತ್ತು.

ರಾಷ್ಟ್ರೀಯ ತಂಡ

ಲೋನ್ ಸ್ಟಾರ್ ಎಂದು ಕರೆಯಲಾಗುವ ಲೈಬೀರಿಯ ತಂಡದ ಪರ ವೇಯಾ 1986ರಲ್ಲಿ ಆಡಲು ತೊಡಗಿದ. 1989ರ ಡಿಸೆಂಬರ್‌ನಲ್ಲಿ ದೇಶ ಅಂತರ್ಯುದ್ಧಕ್ಕೆ ಬಿತ್ತು. ನಡುವೆ ಕೊಂಚ ಬಿಡುವು ಕೊಟ್ಟು 2003ರ ವರೆಗೆ ನಡೆದ ಎರಡು ಯುದ್ಧಗಳಲ್ಲಿ ಸುಮಾರು 2.5 ಲಕ್ಷ ಜನ ಸತ್ತರೆಂದು ಅಂದಾಜು. ವೇಯಾ ಯುರೋಪಿನಲ್ಲಿ ಮೇಲೇರಿದ ವರ್ಷಗಳೇ ಅವನ ದೇಶ ಕುಸಿದ ವರ್ಷಗಳು. ವಿಶ್ವಸಂಸ್ಥೆ ಲೈಬೀರಿಯದ ಹೊಣೆ ಹೊರಬೇಕೆಂದು 1996ರಲ್ಲಿ ಬಹಿರಂಗವಾಗಿ ಹೇಳಿದ್ದಕ್ಕೆ ಮೊನ್ರೋವಿಯದ ಇವನ ಮನೆಯನ್ನು ಶಸ್ತ್ರಧಾರಿಗಳು ಸುಟ್ಟರು.

ರಾಷ್ಟ್ರೀಯ ತಂಡಕ್ಕೆ ಸರ್ಕಾರದಿಂದ ಹಣ ಬರುವ ಸ್ಥಿತಿಯಿರಲಿಲ್ಲ. ಆಟಗಾರರ ವಿಮಾನದ ಖರ್ಚು, ಸಮವಸ್ತ್ರ, ಭತ್ಯೆಯನ್ನು ವೇಯಾ ಬಹುಮಟ್ಟಿಗೆ ತನ್ನ ಜೇಬಿನಿಂದಲೇ ಭರಿಸಿದ. ಕೊನೆಯ ವರ್ಷಗಳಲ್ಲಿ ನಾಯಕನ ಜೊತೆಗೆ ತರಬೇತುದಾರನ ಕೆಲಸವೂ ಇವನದೇ. ಹುಡುಗರಿಗಾಗಿ ಮೊನ್ರೋವಿಯದಲ್ಲಿ ಜೂನಿಯರ್ ಪ್ರೊಫೆಷನಲ್ಸ್ ಎಂಬ ಕ್ಲಬ್ ಕಟ್ಟಿದ. ಶಾಲೆಗೆ ಹೋಗುವುದು ಅದರ ಆಟಗಾರರಿಗೆ ಕಡ್ಡಾಯವಾಗಿತ್ತು. 1997ರಲ್ಲಿ ಯುನಿಸೆಫ್‌ನ ಸದ್ಭಾವನಾ ರಾಯಭಾರಿಯಾದ.

ಇಷ್ಟಾಗಿ ತಂಡಕ್ಕೆ ದಕ್ಕಿದ್ದು ಅಲ್ಪ. ಆಫ್ರಿಕ ಕಪ್‌ಗೆ 1996ರಲ್ಲಿ ಮೊದಲ ಬಾರಿ, 2002ರಲ್ಲಿ ಎರಡನೇ ಬಾರಿ ಅರ್ಹತೆ ಪಡೆದರೂ ಎರಡು ಸಲವೂ ಗುಂಪಿನ ಹಂತದಲ್ಲೇ ಹೊರಬಿತ್ತು. 2002ರ ವಿಶ್ವಕಪ್ ಅರ್ಹತಾ ಗುಂಪಿನಲ್ಲಿ ನೈಜೀರಿಯ 16 ಅಂಕ ಗಳಿಸಿ ಮುಂದೆ ಹೋಯಿತು; ಲೈಬೀರಿಯದ ಗಳಿಕೆ 15. ಘಾನಾದಂಥ ತಂಡವನ್ನು ಹಿಂದಿಕ್ಕಿದ್ದ ಲೈಬೀರಿಯ ಒಂದು ಅಂಕದಿಂದ ವಿಶ್ವಕಪ್ ಅವಕಾಶ ಕಳೆದುಕೊಂಡಿತು. ವಿಶ್ವದ ಶ್ರೇಷ್ಠ ಆಟಗಾರನೆನಿಸಿಕೊಂಡವನು ಒಮ್ಮೆಯೂ ವಿಶ್ವಕಪ್ ಆಡಲಿಲ್ಲ.

ರಾಜಕೀಯ ಜೀವನ

ಯುದ್ಧ ಮುಗಿದ ಮೇಲೆ 2005ರಲ್ಲಿ ನಡೆದ ಅಧ್ಯಕ್ಷೀಯ ಚುನಾವಣೆಗೆ ವೇಯಾ ನಿಂತ. ಮೊದಲ ಸುತ್ತಿನಲ್ಲಿ ಮುಂದಿದ್ದರೂ ಎರಡನೇ ಸುತ್ತಿನಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಎದುರು ಸೋತ. ಓದು ಸಾಲದೆಂಬ ಟೀಕೆ ಎದುರಾಳಿಗಳ ಕೈಯಲ್ಲಿದ್ದ ದೊಡ್ಡ ಅಸ್ತ್ರವಾಗಿತ್ತು. ಆ ಮೇಲೆ ಅಮೆರಿಕದಲ್ಲಿ ಓದಿ ಪದವಿ ಪಡೆದ. 2011ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಸೋತು, 2014ರಲ್ಲಿ ರಾಜಧಾನಿ ಇರುವ ಮೊಂಟ್ಸೆರಾಡೊ ಪ್ರಾಂತದಿಂದ ಸೆನೆಟ್‌ಗೆ ಆಯ್ಕೆಯಾದ. 2017ರ ಡಿಸೆಂಬರ್‌ನ ಅಂತಿಮ ಸುತ್ತಿನಲ್ಲಿ ಉಪಾಧ್ಯಕ್ಷ ಜೋಸೆಫ್ ಬೊಕಾಯಿಯನ್ನು ಶೇ 61.5 ಮತ ಪಡೆದು ಸೋಲಿಸಿ, 2018ರ ಜನವರಿ 22ರಂದು ಅಧ್ಯಕ್ಷನಾದ. ಲೈಬೀರಿಯದಲ್ಲಿ ಚುನಾಯಿತರಿಂದ ಚುನಾಯಿತರಿಗೆ ಶಾಂತವಾಗಿ ಅಧಿಕಾರ ಹಸ್ತಾಂತರವಾದದ್ದು 1944ರ ನಂತರ ಅದೇ ಮೊದಲು.

ಆ ವರ್ಷ ಆಗಸ್ಟ್‌ನಲ್ಲಿ ವೆಂಗರ್ ಮತ್ತು ಲೆ ರೋಯ್ ಇಬ್ಬರನ್ನೂ ಮೊನ್ರೋವಿಯಕ್ಕೆ ಕರೆಸಿ ರಾಷ್ಟ್ರೀಯ ಗೌರವ ನೀಡಿದ. ಸೆಪ್ಟೆಂಬರ್ 11ರಂದು, ತಾನು ಧರಿಸುತ್ತಿದ್ದ 14ನೇ ಸಂಖ್ಯೆಯ ಅಂಗಿಯನ್ನು ನಿವೃತ್ತಗೊಳಿಸಲು ಏರ್ಪಡಿಸಿದ ನೈಜೀರಿಯ ಎದುರಿನ ಸೌಹಾರ್ದ ಪಂದ್ಯದಲ್ಲಿ, 51ರ ವಯಸ್ಸಿನ ಅಧ್ಯಕ್ಷ 79 ನಿಮಿಷ ಆಡಿದ. ಬೆಲೆಯೇರಿಕೆ ಮತ್ತು ಭ್ರಷ್ಟಾಚಾರದ ಆರೋಪಗಳಿಂದ ಇವನ ಆಡಳಿತ ಜನಪ್ರಿಯತೆ ಕಳೆದುಕೊಂಡಿತು; 2019ರಲ್ಲಿ ರಾಜಧಾನಿಯಲ್ಲಿ ದೊಡ್ಡ ಪ್ರತಿಭಟನೆಗಳು ನಡೆದವು. 2023ರ ನವೆಂಬರ್‌ನಲ್ಲಿ ಅದೇ ಬೊಕಾಯಿ ಎದುರು ಶೇ 49.36 ಮತ ಪಡೆದು ಸೋತ. ಅಂತಿಮ ಫಲಿತಾಂಶ ಘೋಷಣೆಯಾಗುವ ಮೊದಲೇ ಎದುರಾಳಿಗೆ ದೂರವಾಣಿ ಕರೆಮಾಡಿ ಸೋಲನ್ನು ಒಪ್ಪಿಕೊಂಡದ್ದು ಆ ಪ್ರದೇಶದ ರಾಜಕೀಯದಲ್ಲಿ ಮೆಚ್ಚುಗೆ ಪಡೆಯಿತು.

ಪ್ರಭಾವ ಮತ್ತು ಮೌಲ್ಯಮಾಪನ

ವೇಯಾನ ನಂತರದ ಪೀಳಿಗೆಯಲ್ಲಿ ಕ್ಯಾಮರೂನಿನ ಸ್ಯಾಮ್ಯುಯೆಲ್ ಎಟೊ, ಐವರಿ ಕೋಸ್ಟ್‌ನ ಡಿಡಿಯರ್ ಡ್ರೋಗ್ಬಾ, ಈಜಿಪ್ಟಿನ ಮೊಹಮದ್ ಸಲಾಹ್, ಸೆನೆಗಲ್‌ನ ಸಾದಿಯೊ ಮಾನೆ ಯುರೋಪಿನ ದೊಡ್ಡ ಕ್ಲಬ್‌ಗಳ ಆಧಾರಸ್ತಂಭಗಳಾದರು. ಬ್ಯಾಲನ್ ಡಿ'ಓರ್ ಮಾತ್ರ ಆಫ್ರಿಕಕ್ಕೆ ಮತ್ತೆ ಬರಲಿಲ್ಲ; 2022ರಲ್ಲಿ ಮಾನೆ ಎರಡನೇ ಸ್ಥಾನ ಪಡೆದ. ಮಾರ್ಗವೂ ಮೊದಲಿನಂತಿಲ್ಲ. ವೇಯಾ 22 ತುಂಬುವ ಹೊತ್ತಿಗೆ, ತನ್ನ ದೇಶದ ಮತ್ತು ನೆರೆನಾಡಿನ ಲೀಗ್‌ಗಳಲ್ಲಿ ಪಳಗಿ, ಒಬ್ಬ ತರಬೇತುದಾರನ ಮಾತಿನಿಂದ ಹೋದ. ಇಂದು ಖಂಡದ ಉದ್ದಗಲಕ್ಕೂ ಅಕಾಡೆಮಿಗಳಿವೆ. ಹದಿಹರೆಯದಲ್ಲೇ ಹುಡುಗರನ್ನು ಆರಿಸಿಟ್ಟು 18 ತುಂಬುತ್ತಲೇ ಯುರೋಪಿಗೆ ಕಳಿಸುವ ವ್ಯವಸ್ಥೆಯಿದೆ. ಏಜೆಂಟರ ಮೋಸಕ್ಕೆ ಸಿಕ್ಕು ಯುರೋಪಿನ ನಗರಗಳಲ್ಲಿ ದಿಕ್ಕಿಲ್ಲದೆ ಉಳಿದ ಹುಡುಗರ ಸಮಸ್ಯೆ ಬೆಳೆದುದರಿಂದ ಫಿಫಾ 2001ರಲ್ಲಿ, ಕೆಲವು ವಿನಾಯಿತಿಗಳನ್ನುಳಿದು, 18 ವರ್ಷದೊಳಗಿನವರ ಅಂತರರಾಷ್ಟ್ರೀಯ ವರ್ಗಾವಣೆಯನ್ನು ನಿಷೇಧಿಸಿತು. ಆಟಗಾರ ಮುಂದೆ ಎಷ್ಟೇ ಬೆಲೆಗೆ ಮಾರಾಟವಾದರೂ ಆ ಮೊತ್ತದ ಶೇ 5ರ ವರೆಗೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕೆಂಬ ನಿಯಮವೂ ಆಗಲೇ ಬಂತು. ಪ್ಯಾರಿಸ್‌ನಿಂದ ಮಿಲಾನ್‌ಗೆ ವೇಯಾ ಹೋದಾಗ ಅಂಥ ನಿಯಮವಿರಲಿಲ್ಲ. ಇನ್ವಿನ್ಸಿಬಲ್ ಇಲೆವೆನ್, ಬರೋಲ್‌ನಂಥ ಕ್ಲಬ್‌ಗಳು ಕೇಳಬಹುದಾದ ಪಾಲು ಕಾಗದದ ಮೇಲೂ ಇರಲಿಲ್ಲ.

ವೇಯಾನ ಮಗ ತಿಮೋತಿ ವೇಯಾ 2000ದಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿ, ತಂದೆ ಆಡಿದ ಪ್ಯಾರಿಸ್ ಕ್ಲಬ್‌ನಲ್ಲೇ ವೃತ್ತಿ ಆರಂಭಿಸಿದ. 2022ರ ವಿಶ್ವಕಪ್‌ನಲ್ಲಿ ಅಮೆರಿಕದ ಪರ ವೇಲ್ಸ್ ಎದುರು ಗೋಲು ಹೊಡೆದ. ತಂದೆಗೆ ಸಿಗದ ವೇದಿಕೆ ಮಗನಿಗೆ ಸಿಕ್ಕಿತು, ಆದರೆ ಬೇರೆ ದೇಶದ ಅಂಗಿಯಲ್ಲಿ. ಲೈಬೀರಿಯ 2002ರ ನಂತರ ಆಫ್ರಿಕ ಕಪ್‌ಗೂ ಅರ್ಹತೆ ಪಡೆದಿಲ್ಲ. ಹೊರಗಿನ ಕ್ಲಬ್‌ಗಳು ಒಬ್ಬನ ಪ್ರತಿಭೆಯನ್ನು ಪೂರ್ಣವಾಗಿ ಬೆಳೆಸಬಲ್ಲವು ಎಂಬುದಕ್ಕೆ ವೇಯಾನ ಯುರೋಪಿನ ವರ್ಷಗಳು ಪುರಾವೆ. ಊರಿನ ಮೈದಾನ, ಲೀಗ್, ತರಬೇತುದಾರರನ್ನು ದೇಶವೇ ಕಟ್ಟಿಕೊಳ್ಳಬೇಕು. ಒಬ್ಬ ಆಟಗಾರನ ಸಂಪಾದನೆ ಆ ಕೊರತೆಯನ್ನು ತುಂಬಲಾರದು ಎಂಬುದಕ್ಕೆ ಅವನ ರಾಷ್ಟ್ರೀಯ ತಂಡದ ಚರಿತ್ರೆ ಪುರಾವೆ.